ನಿಲುಗಡೆ ಮೀಮಾಂಸೆ

ಪ್ರಸಿದ್ಧರಲ್ಲಿ ಎರಡು ಬಗೆ: ಮಾತಾಡಿಸಿದರೆ ನಗುವವರು, ಮಾತಾಡಿಸಿದರೆ ಮುಖ ತಿರುಗಿಸುವವರು. ಈ ವಿಂಗಡಣೆ ಸಿನಿಮಾ ಪತ್ರಿಕೆಗಳ ಕಾಲದಲ್ಲಿ ಹುಟ್ಟಿತೆಂದು ತಿಳಿದವರೇ ಹೆಚ್ಚು. ಅದು ತಪ್ಪು. ಅರಬ್ ವರ್ತಕ ಸುಲೈಮಾನನ ಹೆಸರಿನಲ್ಲಿ ಪ್ರಚಾರದಲ್ಲಿರುವ ಕ್ರಿ.ಶ. 851ರ ಪ್ರವಾಸ ವೃತ್ತಾಂತ ಈ ಕೆಲಸವನ್ನು ಆಗಲೇ ಮಾಡಿ ಮುಗಿಸಿದೆ. ಅದು ಲೋಕದ ನಾಲ್ವರು ದೊಡ್ಡ ದೊರೆಗಳನ್ನು ಎಣಿಸುವಾಗ ಬಾಗ್ದಾದಿನ ಖಲೀಫ, ಚೀನದ ಚಕ್ರವರ್ತಿ, ಕಾನ್‌ಸ್ಟಾಂಟಿನೋಪಲಿನ ದೊರೆ, ಇವರ ಸಾಲಿನಲ್ಲಿ ನಾಲ್ಕನೆಯವನಾಗಿ 'ಬಲ್ಹರಾ'ನನ್ನು ಕೂರಿಸುತ್ತದೆ. ಬಲ್ಹರಾ ಎಂದರೆ ರಾಷ್ಟ್ರಕೂಟರ ವಲ್ಲಭರಾಜ. ಆ ಹೊತ್ತಿಗೆ ಗದ್ದುಗೆಯ ಮೇಲಿದ್ದವನು ಅಮೋಘವರ್ಷ ನೃಪತುಂಗ, ರಾಜಧಾನಿ ಮಾನ್ಯಖೇಟ, ಅಂದರೆ ಇಂದಿನ ಸೇಡಂ ತಾಲೂಕಿನ ಮಳಖೇಡ. ಅರಬರನ್ನು ಇವನಷ್ಟು ಪ್ರೀತಿಯಿಂದ ಕಾಣುವ ದೊರೆ ಇನ್ನೊಬ್ಬನಿಲ್ಲ ಎಂದು ವೃತ್ತಾಂತ ಹೇಳುತ್ತದೆ. ಮಗ್ಗುಲಲ್ಲೇ ಇದ್ದ ಜುರ್ಜ್ ದೊರೆ, ಅಂದರೆ ಗುರ್ಜರರವನು, ಅರಬರ ಪರಮ ವೈರಿ ಎಂದೂ ಸೇರಿಸುತ್ತದೆ. ಒಬ್ಬ ಸ್ನೇಹಶೀಲ, ಒಬ್ಬ ಸಿಡುಕ. ಸಾವಿರದ ಮೇಲೆ ನೂರೆಪ್ಪತ್ತು ವರ್ಷ ಕಳೆದರೂ ಈ ಶಾಸ್ತ್ರ ಅಲ್ಲಿಂದ ಮುಂದಕ್ಕೆ ಒಂದು ಹೆಜ್ಜೆಯನ್ನೂ ಇಟ್ಟಿಲ್ಲ. ಇವತ್ತಿಗೂ ನಟನೊಬ್ಬ ಕೈಕುಲುಕಿದರೆ 'ಎಷ್ಟು ಸರಳ ಮನುಷ್ಯಾರೀ', ಕುಲುಕದಿದ್ದರೆ 'ಭಾಳ ಸೊಕ್ಕರೀ', ಇಷ್ಟಕ್ಕೇ ವಿಮರ್ಶೆ ಮುಗಿಯುತ್ತದೆ.

ಈ ಸ್ವಭಾವವಾದವನ್ನು ಖಂಡಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ. ಪ್ರಸಿದ್ಧನ ಸೌಜನ್ಯ ಅವನ ಸ್ವಭಾವದಲ್ಲಿಲ್ಲ, ಅವನ ನಿಲುಗಡೆಯಲ್ಲಿದೆ ಎಂಬುದು ನಮ್ಮ ಸಿದ್ಧಾಂತ. ಎಷ್ಟು ಹೊತ್ತು ನಿಂತನೋ ಅಷ್ಟು ಒಳ್ಳೆಯವ. ನಿಲ್ಲದೆ ಹೋದನೋ, ಹರಿಶ್ಚಂದ್ರನೇ ಆಗಿದ್ದರೂ ಸೊಕ್ಕಿನವ. ಇದಕ್ಕೆ ಮೊದಲ ಸಾಕ್ಷಿ ಸುಲೈಮಾನನ ವೃತ್ತಾಂತದಲ್ಲೇ ಸಿಗುತ್ತದೆ, ಆದರೆ ತಲೆಕೆಳಗಾಗಿ. ಬಲ್ಹರಾ ವಂಶದ ದೊರೆಗಳು ದೀರ್ಘಾಯುಗಳು, ಕೆಲವರು ಐವತ್ತು ವರ್ಷ ಆಳುವುದೂ ಉಂಟು, ಅರಬರ ಮೇಲಿನ ಪ್ರೀತಿಯಿಂದಲೇ ಅವರಿಗೆ ಇಷ್ಟು ಆಯುಸ್ಸು ಎಂದು ಅಲ್ಲಿಯ ಜನ ನಂಬುತ್ತಾರೆ ಎಂದು ಅದರಲ್ಲಿದೆ. ಇಲ್ಲಿ ಕಾರಣ ಕಾರ್ಯವಾಗಿದೆ, ಕಾರ್ಯ ಕಾರಣವಾಗಿದೆ. ಸ್ನೇಹದಿಂದ ಆಯುಸ್ಸು ಬಂದದ್ದಲ್ಲ, ಆಯುಸ್ಸಿನಿಂದ ಸ್ನೇಹ ಬಂದದ್ದು. ಅಮೋಘವರ್ಷ 814ರಿಂದ 878ರವರೆಗೆ, ಅರವತ್ತು ವರ್ಷಕ್ಕೂ ಮೇಲೆ, ಗದ್ದುಗೆಯಲ್ಲಿದ್ದ. ಹೋಗಬೇಕಾದ ಊರಿಲ್ಲ, ಹಿಡಿಯಬೇಕಾದ ಗಾಡಿಯಿಲ್ಲ. ಇಂಥವನ ಮುಂದೆ ವರ್ತಕನೊಬ್ಬ ಮೂರು ತಾಸು ಕುದುರೆಯ ಬೆಲೆ ಹೇಳಿದರೂ ಕೇಳುವ ವ್ಯವಧಾನ ಇದ್ದೇ ಇರುತ್ತದೆ.

ಸಿದ್ಧಾಂತಕ್ಕೆ ಪ್ರಯೋಗಶಾಲೆ ಬೇಕು. ಕಲಬುರಗಿ ಜಿಲ್ಲೆಯ ಐದು ಊರುಗಳನ್ನು ಪ್ರಕೃತಿಯೂ ರೈಲ್ವೆ ಇಲಾಖೆಯೂ ಸೇರಿ ಇದಕ್ಕೆಂದೇ ಜೋಡಿಸಿಟ್ಟಿವೆ ಎನ್ನಬೇಕು. 1874ರಲ್ಲಿ ನಿಜಾಮನ ರೈಲು ವಾಡಿಯಿಂದ ಸಿಕಂದರಾಬಾದಿಗೆ ಹಳಿ ಹಾಕಿಕೊಂಡಿತು. ಅಂದಿನಿಂದ ಮುಂಬಯಿ-ಮದರಾಸು ದಾರಿಗೆ ಹೈದರಾಬಾದಿನ ದಾರಿ ಬಂದು ಸೇರುವ ಜಾಗ ವಾಡಿ. ಮುಂಬಯಿಯಿಂದ ಹೈದರಾಬಾದಿಗೆ ಈ ಹಾದಿ ಹಿಡಿದ ಗವಾಯಿ, ನಟ, ನವಾಬ, ಆಟಗಾರ ಯಾರೇ ಇರಲಿ, ವಾಡಿ ಜಂಕ್ಷನ್ನಿಗೆ ಬರದೆ ಗತಿಯಿಲ್ಲ. ಬಂದ ಗಾಡಿ ನೀರಿಗೋ ಎಂಜಿನ್ನಿಗೋ ಸಿಗ್ನಲ್ಲಿಗೋ ನಿಲ್ಲದೆ ಗತಿಯಿಲ್ಲ. ಅಲ್ಲಿಂದ ಮುಂದೆ ಹೈದರಾಬಾದ್ ಕಡೆಗೆ ಚಿತ್ತಾಪುರ, ಸೇಡಂ. ಕಲಬುರಗಿ ಕಡೆಗೆ ಶಹಾಬಾದ. ಈ ಮೂರೂ ಕಡೆ ಕೆಲವು ಗಾಡಿ ನಿಲ್ಲುತ್ತವೆ, ಕೆಲವು ಧೂಳೆಬ್ಬಿಸಿ ಹೋಗುತ್ತವೆ. ಚಿಂಚೋಳಿಗೆ ರೈಲೇ ಇಲ್ಲ. ಶಾಸ್ತ್ರಜ್ಞನಿಗೆ ಇದಕ್ಕಿಂತ ಭಾಗ್ಯ ಬೇಕೆ? ಒಂದು ಊರಲ್ಲಿ ಪೂರ್ತಿ ನಿಲುಗಡೆ, ಮೂರರಲ್ಲಿ ಅರೆಬರೆ ನಿಲುಗಡೆ, ಒಂದರಲ್ಲಿ ನಿಲುಗಡೆಯ ಪ್ರಶ್ನೆಯೇ ಇಲ್ಲ. ಐದೂ ಕಡೆ ಮಣ್ಣು ಒಂದೇ, ತೊಗರಿ ಒಂದೇ, ಬಿಸಿಲು ಒಂದೇ. ಹೀಗಾಗಿ ಪ್ರಸಿದ್ಧನ ಮುಖದ ಮೇಲಿನ ವ್ಯತ್ಯಾಸಕ್ಕೆ ಹವಾಮಾನವನ್ನು ಹೊಣೆ ಮಾಡುವಂತಿಲ್ಲ.

ವಾಡಿಯ ಪ್ಲಾಟ್‌ಫಾರ್ಮಿನಲ್ಲಿ ಗಾಡಿ ನಿಂತಿದೆ ಎಂದುಕೊಳ್ಳೋಣ. ಡಬ್ಬಿಯಲ್ಲಿ ಪರದೆಯ ಮೇಲೆ ಹತ್ತು ಜನರನ್ನು ಒಂದೇ ಏಟಿಗೆ ಉರುಳಿಸುವ ಮನುಷ್ಯನಿದ್ದಾನೆ. ಮೊದಲ ನಿಮಿಷ ಅವನು ಕಿಟಕಿಯ ಆಚೆ ನೋಡುವುದಿಲ್ಲ. ಎರಡನೆಯ ನಿಮಿಷ ಹೊರಗಿನವರು ತನ್ನನ್ನು ಗುರುತಿಸಿದರೆಂದು ಗೊತ್ತಾಗಿ ಕತ್ತು ತಿರುಗಿಸುತ್ತಾನೆ. ಸ್ವಭಾವವಾದಿಗಳು ತಮ್ಮ ಟಿಪ್ಪಣಿಯನ್ನು ಇಲ್ಲಿಗೇ ಮುಗಿಸಿ ಮನೆಗೆ ಹೋಗುತ್ತಾರೆ. ಆದರೆ ಗಾಡಿ ಇನ್ನೂ ನಿಂತೇ ಇದೆ. ಐದನೆಯ ನಿಮಿಷಕ್ಕೆ ಸೆಕೆ. ಎಂಟನೆಯ ನಿಮಿಷಕ್ಕೆ ಅವನು ಬಾಗಿಲಿಗೆ ಬರುತ್ತಾನೆ. ಹತ್ತನೆಯ ನಿಮಿಷಕ್ಕೆ 'ಗಾಡಿ ಯಾಕ್ ನಿಂತದ?' ಎಂದು ಕೇಳುವವನು ಅವನೇ. ಕೆಳಗಿರುವವರು 'ಮುಂದ ಸಿಗ್ನಲ್ ಇಲ್ರಿ ಸರ, ಛಾ ಕುಡೀರಿ' ಎನ್ನುತ್ತಾರೆ. ಇಲ್ಲಿ ಅಧಿಕಾರ ಕೈಬದಲಾಯಿತು. ಗಾಡಿಯ ವಿಷಯ ತಿಳಿದವನು ಅಭಿಮಾನಿ, ತಿಳಿಯದವನು ಪ್ರಸಿದ್ಧ. ಹದಿನೈದನೆಯ ನಿಮಿಷಕ್ಕೆ ಕೈಯಲ್ಲಿ ಛಾ, ಮುಖದಲ್ಲಿ ನಗು, 'ನಿಮ್ಮ ಊರು ಯಾವುದು?' ಎಂಬ ಪ್ರಶ್ನೆ. ಗಾಡಿ ಹೊರಟ ಮೇಲೆ ವಾಡಿಯವರು ಒಮ್ಮತದಿಂದ ಹೇಳುತ್ತಾರೆ: 'ಏನೂ ಗರ್ವ ಇಲ್ಲ ನೋಡ್ರಿ.' ಇದೇ ಗಾಡಿ ಶಹಾಬಾದನ್ನು ನಿಲ್ಲದೆ ದಾಟಿರುತ್ತದೆ. ಅಲ್ಲಿ ಪ್ಲಾಟ್‌ಫಾರ್ಮಿನಲ್ಲಿ ಹಾರ ಹಿಡಿದು ನಿಂತವರ ತೀರ್ಪು ಬೇರೆಯೇ ಆಗಿರುತ್ತದೆ. ಮನುಷ್ಯ ಒಬ್ಬನೇ, ದಿನ ಒಂದೇ, ನಡುವೆ ಕೆಲವೇ ಮೈಲು.

ಶಹಾಬಾದಿನ ವಿಷಯ ಬಂದಾಗ ಒಂದು ಮಾತು ಹೇಳದೆ ಮುಂದೆ ಹೋಗಲಾಗದು. ಈ ಊರೇ ಒಂದು ಪ್ರಸಿದ್ಧ ವ್ಯಕ್ತಿ. ಇದರ ಹೆಸರಿನ ಹಾಸುಗಲ್ಲು ಮುಂಬಯಿ, ಪುಣೆ, ಹೈದರಾಬಾದಿನ ಹಳೆಯ ಮನೆ, ಚಾಳು, ವಠಾರಗಳ ನೆಲದಲ್ಲಿ ಹಾಸಿಕೊಂಡಿದೆ. ಎಷ್ಟೋ ನಟರು ಬರಿಗಾಲಲ್ಲಿ ಶಹಾಬಾದಿನ ಮೇಲೆ ನಡೆದೇ ದೊಡ್ಡವರಾಗಿರುತ್ತಾರೆ. ತುಳಿಸಿಕೊಂಡು ಪ್ರಸಿದ್ಧವಾದ ಊರಿಗೆ ತುಳಿದವರ ಗಾಡಿ ನಿಲ್ಲುವುದಿಲ್ಲ ಎಂಬುದು ಶಾಸ್ತ್ರದ ವ್ಯಾಪ್ತಿಗೆ ಬಾರದ ದುಃಖ.

ನಿಲುಗಡೆ ಸಿದ್ಧಾಂತ ನಮ್ಮ ಹೊಸ ಕಾಣಿಕೆಯೆಂದು ಹೇಳಿಕೊಳ್ಳುವ ಆಸೆಯಿತ್ತು. ಚಿತ್ತಾಪುರ ತಾಲೂಕಿನ ಸನ್ನತಿ ಅದಕ್ಕೆ ಅಡ್ಡ ಬಂತು. 1986ರಲ್ಲಿ ಸನ್ನತಿಯ ಚಂದ್ರಲಾಂಬಾ ಗುಡಿಯ ಆವರಣದಲ್ಲಿ ಕಾಳಿಯ ಗುಡಿಯ ಮಾಳಿಗೆ ಕುಸಿಯಿತು. ಮೂರ್ತಿಯ ಪೀಠವಾಗಿದ್ದ ಕಲ್ಲನ್ನು ನೋಡಿದರೆ ಅದರ ಮೇಲೆ ಅಶೋಕನ ಶಾಸನ. ಅದರಲ್ಲಿ ಹನ್ನೆರಡನೆಯ ಮತ್ತು ಹದಿನಾಲ್ಕನೆಯ ಬಂಡೆಗಲ್ಲು ಶಾಸನಗಳ ಜೊತೆಗೆ, ಅಲ್ಲಿಯವರೆಗೆ ಒಡಿಶಾದ ಧೌಲಿ ಮತ್ತು ಜೌಗಡದಲ್ಲಿ ಮಾತ್ರ ಕಂಡಿದ್ದ ಎರಡು 'ಪ್ರತ್ಯೇಕ ಶಾಸನ'ಗಳ ಭಾಗಗಳೂ ಇದ್ದವು. ಮೊದಲನೆಯ ಪ್ರತ್ಯೇಕ ಶಾಸನದಲ್ಲಿ ಚಕ್ರವರ್ತಿ ತನ್ನ ಅಧಿಕಾರಿಗಳಿಗೆ, ಜನರೊಂದಿಗೆ ನೀವು ಸರಿಯಾಗಿ ನಡೆದುಕೊಳ್ಳದಿರುವುದಕ್ಕೆ ಇವು ಕಾರಣ ಎಂದು ಪಟ್ಟಿ ಕೊಡುತ್ತಾನೆ: ಹೊಟ್ಟೆಕಿಚ್ಚು, ಸಿಟ್ಟು, ನಿಷ್ಠುರತೆ, ಆತುರ, ಅಭ್ಯಾಸವಿಲ್ಲದಿರುವುದು, ಸೋಮಾರಿತನ, ಆಯಾಸ. ಇಷ್ಟೆಲ್ಲ ಹೇಳಿ, ಸಿಟ್ಟಾಗದಿರುವುದು ಮತ್ತು ಆತುರಪಡದಿರುವುದೇ ಎಲ್ಲಕ್ಕೂ ಬುಡ ಎಂದು ತೀರ್ಮಾನ ಕೊಡುತ್ತಾನೆ. ಆತುರ! ಎರಡು ಸಾವಿರದ ಇನ್ನೂರು ವರ್ಷಕ್ಕೂ ಹಿಂದೆ, ರೈಲಿಲ್ಲದ ಕಾಲದಲ್ಲಿ, ವೇಳಾಪಟ್ಟಿಯನ್ನು ಕಾಣದ ಮನುಷ್ಯ ವಾಡಿ ಜಂಕ್ಷನ್ನಿನ ಸೂತ್ರವನ್ನು ಹೇಳಿಬಿಟ್ಟಿದ್ದಾನೆ. ನಮಗೆ ಉಳಿದದ್ದು ಭಾಷ್ಯ ಬರೆಯುವ ಕೆಲಸ.

ಅಶೋಕನಿಂದ ಇನ್ನೊಂದು ಪ್ರಮಾಣ ದೊರೆಯುತ್ತದೆ. ಸನ್ನತಿಗೆ ಹತ್ತಿರದ ಕನಗನಹಳ್ಳಿಯ ಸ್ತೂಪದಲ್ಲಿ ಅವನ ಉಬ್ಬುಚಿತ್ರ ಸಿಕ್ಕಿದೆ. ರಾಣಿ ಪಕ್ಕದಲ್ಲಿ, ಛತ್ರ ಚಾಮರ ಹಿಡಿದ ಸೇವಕಿಯರು ಸುತ್ತ, ಕಲ್ಲಿನ ಮೇಲೆ ಬ್ರಾಹ್ಮಿಯಲ್ಲಿ 'ರಾಯ ಅಸೋಕೋ' ಎಂಬ ಬರಹ. ಹೆಸರು ಬರೆದ ಅಶೋಕನ ಚಿತ್ರ ಎಂದರೆ ವಿದ್ವಾಂಸರು ಮೊದಲು ಬೆರಳು ತೋರಿಸುವುದು ಇದರ ಕಡೆಗೇ. ಇದನ್ನು ಕೆತ್ತಿದ್ದು ಅವನು ತೀರಿಕೊಂಡು ಶತಮಾನಗಳಾದ ಮೇಲೆ, ಸಾತವಾಹನರ ಕಾಲದಲ್ಲಿ. ಅಂದರೆ ಕೆತ್ತಿದ ಶಿಲ್ಪಿ ತನ್ನ ಆರಾಧ್ಯನನ್ನು ಒಮ್ಮೆಯೂ ನೋಡಿದವನಲ್ಲ. ಪೋಸ್ಟರಿನ ಕೆಳಗೆ ನಟನ ಹೆಸರು ಬರೆಯುವ ಪದ್ಧತಿಯ ಪ್ರಾಚೀನತೆ ಇದರಿಂದ ಸಿದ್ಧವಾಗುತ್ತದೆ. ಹೋಲಿಕೆಯ ಬಗ್ಗೆ ಕಲಾವಿದನಿಗೆ ಪೂರ್ತಿ ಧೈರ್ಯವಿಲ್ಲದಾಗ ಹೆಸರು ಅಗತ್ಯ ಎಂಬುದೂ ಸಿದ್ಧವಾಗುತ್ತದೆ. ನಮಗೆ ಮುಖ್ಯವಾದದ್ದು ಬೇರೆ: ಕಲ್ಲಿನ ಅಶೋಕ ಎಲ್ಲಿಗೂ ಹೋಗುವುದಿಲ್ಲ. ಅವನ ಪಕ್ಕ ನಿಂತವರಲ್ಲಿ ಯಾರೂ ಅವನನ್ನು ಸೊಕ್ಕಿನವನೆಂದು ದೂರಿಲ್ಲ. ತೀರಿಕೊಂಡ ಪ್ರಸಿದ್ಧರೆಲ್ಲ ಒಳ್ಳೆಯವರಾಗಿ ಕಾಣುವುದಕ್ಕೆ ಜನರ ಔದಾರ್ಯ ಕಾರಣವೆಂಬ ಮಾತಿದೆ. ಔದಾರ್ಯವಲ್ಲ, ಶಾಶ್ವತ ನಿಲುಗಡೆ.

ಮಳಖೇಡಕ್ಕೆ ಮರಳಿದರೆ ಹತ್ತನೆಯ ಶತಮಾನದ ಒಂದು ಪ್ರಕರಣ ಸಿದ್ಧಾಂತವನ್ನು ಹಿಂದಿನ ಬಾಗಿಲಿನಿಂದ ಸಮರ್ಥಿಸುತ್ತದೆ. ಅಪಭ್ರಂಶದ ಮಹಾಕವಿ ಪುಷ್ಪದಂತ ಬೇರೊಬ್ಬ ದೊರೆಯಿಂದ ಅವಮಾನಪಟ್ಟು, ದಾರಿ ನಡೆದು ದಣಿದು, ಮಾನ್ಯಖೇಟದ ಹೊರಗಿನ ತೋಪಿನಲ್ಲಿ ಬಂದು ಬಿದ್ದುಕೊಂಡಿದ್ದ. ಊರಿನ ಇಬ್ಬರು ಬಂದು 'ಇಲ್ಯಾಕೆ, ಊರೊಳಗೆ ಬನ್ನಿ' ಎಂದು ಕರೆದರು. ಅದಕ್ಕೆ ಅವನು ಕೊಟ್ಟ ಉತ್ತರವನ್ನು ಅವನೇ ತನ್ನ ಮಹಾಪುರಾಣದಲ್ಲಿ ದಾಖಲಿಸಿದ್ದಾನೆ: ದುಷ್ಟರ ಗಂಟು ಹಾಕಿದ ಹುಬ್ಬು ನೋಡುವುದಕ್ಕಿಂತ ಬೆಟ್ಟದ ಗುಹೆಯಲ್ಲಿ ಸಾಯುವುದು ಲೇಸು ಎಂಬರ್ಥದ ಮಾತು, ಜೊತೆಗೆ ಅರಮನೆಗಳ ಮೇಲೆ ಒಂದಿಷ್ಟು ಬೈಗುಳ. ಅವನು ಇಟ್ಟುಕೊಂಡ ಬಿರುದೇ ಅಭಿಮಾನಮೇರು. ಸ್ವಾಗತಿಸಲು ಬಂದವರ ಮೇಲೆ ಹೀಗೆ ಹರಿಹಾಯ್ದ ಪ್ರಸಿದ್ಧರು ಈ ಜಿಲ್ಲೆಯ ಚರಿತ್ರೆಯಲ್ಲಿ ಹೆಚ್ಚಿಲ್ಲ. ಆದರೆ ಬಂದವರು ಸೇಡಂ ಸೀಮೆಯವರು, ಬಿಡುವ ಜನರೇ? ಮುಮ್ಮಡಿ ಕೃಷ್ಣನ ಮಂತ್ರಿ ಭರತನ ಮನೆಗೆ ಕರೆದೊಯ್ದರು. ಸ್ನಾನ, ಊಟ, ಬಟ್ಟೆ, ಹಾಸಿಗೆ. ಕವಿ ಅಲ್ಲೇ ನೆಲೆ ನಿಂತ. 959ರಲ್ಲಿ ಶುರುಮಾಡಿದ 102 ಸಂಧಿಗಳ ಮಹಾಪುರಾಣ 965ರಲ್ಲಿ ಮುಗಿಯುವ ಹೊತ್ತಿಗೆ ತೋಪಿನ ಸಿಡುಕನ ಕೈಯಿಂದ ಭರತನ ಹೊಗಳಿಕೆ ಹೊಳೆಯಾಗಿ ಹರಿದಿತ್ತು. ಸ್ವಭಾವ ಬದಲಾಯಿತೆ? ಬಿರುದು ಹಾಗೇ ಇತ್ತು. ನಿಲುಗಡೆ ಸಿಕ್ಕಿತ್ತು, ಅಷ್ಟೇ. ಇದಕ್ಕೆ ವಿರುದ್ಧ ಉದಾಹರಣೆಗೂ ಬಹಳ ದೂರ ಹೋಗಬೇಕಿಲ್ಲ. 972ರಲ್ಲಿ ಮಾಳವದ ಪರಮಾರ ದೊರೆ ಸೀಯಕ ಇದೇ ಮಾನ್ಯಖೇಟಕ್ಕೆ ಬಂದ, ದೋಚಿದ, ಹೋದ. ಇಷ್ಟು ದೊಡ್ಡವರು ಇಷ್ಟು ಕಡಿಮೆ ಹೊತ್ತು ನಿಂತು ಹೋದ ಭೇಟಿ ಇನ್ನೊಂದಿಲ್ಲ, ಇಷ್ಟು ಅಸೌಜನ್ಯದ್ದೂ ಇನ್ನೊಂದಿಲ್ಲ.

ಇಲ್ಲಿ ಪೂರ್ವಪಕ್ಷಿ ಬಾಯಿ ತೆರೆಯುತ್ತಾನೆ. ದ್ವೈತ ವೇದಾಂತದ ವ್ಯಾಖ್ಯಾನಕಾರ ಟೀಕಾಚಾರ್ಯರ ಆರಾಧನೆ ನಡೆಯುವ ಮಳಖೇಡದ ನೆಲದಲ್ಲಿ ಪೂರ್ವಪಕ್ಷಕ್ಕೆ ಉತ್ತರ ಕೊಡದೆ ಎದ್ದು ಹೋಗುವುದು ಶಿಷ್ಟಾಚಾರವಲ್ಲ, ಆದ್ದರಿಂದ ಕೇಳೋಣ. ನಿಂತಷ್ಟೂ ಸೌಜನ್ಯ ಹೆಚ್ಚುವುದಾದರೆ ಆರು ತಿಂಗಳು ಒಂದೇ ಊರಲ್ಲಿ ಕ್ಯಾಂಪ್ ಹಾಕುವ ನಾಟಕ ಕಂಪನಿಯ ನಟ ಲೋಕದ ಅತ್ಯಂತ ಸ್ನೇಹಶೀಲ ಪ್ರಸಿದ್ಧನಾಗಬೇಕಲ್ಲ, ಹಾಗಿದೆಯೇ? ಆಕ್ಷೇಪ ಗಟ್ಟಿಯಾಗಿದೆ, ಉತ್ತರಕ್ಕೆ ರಂಗದ ಹತ್ತಿರ ಹೋಗಬೇಕು. ಜಾತ್ರೆಯಲ್ಲಿ ನಾಟಕ ನಡೆಯುತ್ತಿದೆ. ಖಳನಾಯಕ ನಾಯಕಿಯ ಜುಟ್ಟು ಹಿಡಿದು ಎಳೆಯುತ್ತಿದ್ದಾನೆ. ಆಗ ಪಕ್ಕದಿಂದ ಮೈಕಿನಲ್ಲಿ ದನಿ: 'ನಮ್ಮ ಊರಿನ ಸಾಹುಕಾರರು ಖಳನಾಯಕನ ಪಾತ್ರವನ್ನು ಮೆಚ್ಚಿ ನೂರಾ ಒಂದು ರೂಪಾಯಿ ಆಯೇರಿ ಮಾಡಿರುತ್ತಾರೆ.' ಖಳನಾಯಕ ಜುಟ್ಟು ಬಿಡುತ್ತಾನೆ, ಮುಂದೆ ಬರುತ್ತಾನೆ, ಎರಡೂ ಕೈ ಮುಗಿದು ಸಾಹುಕಾರರು ಕೂತ ದಿಕ್ಕಿಗೆ ಬಾಗುತ್ತಾನೆ. ನಾಯಕಿ ಈ ನಡುವೆ ಸೆರಗು ಸರಿಮಾಡಿಕೊಂಡು ಕಾಯುತ್ತಾಳೆ. ನೋಟು ಕಿಸೆಗೆ ಸೇರಿದ ಮೇಲೆ ಮತ್ತೆ ಜುಟ್ಟು, ಮತ್ತೆ ಅಬ್ಬರ. ಅಭಿಮಾನಿ ಮತ್ತು ಪ್ರಸಿದ್ಧ ಸಂಧಿಸುವ ರೀತಿಗಳಲ್ಲಿ ಇದಕ್ಕಿಂತ ಪರಿಷ್ಕಾರವಾದದ್ದು ಜಗತ್ತಿನಲ್ಲಿ ಇದ್ದರೆ ತೋರಿಸಲಿ. ಯಾರು ಯಾರಿಗೆ, ಎಷ್ಟು, ಯಾಕೆ, ಎಲ್ಲವೂ ಮೈಕಿನಲ್ಲಿ. ತಳ್ಳಾಟವಿಲ್ಲ, ಬೌನ್ಸರ್ ಇಲ್ಲ, ಕ್ರೌರ್ಯಕ್ಕೂ ವಿನಯಕ್ಕೂ ನಡುವೆ ಅರ್ಧ ನಿಮಿಷದ ವಿರಾಮ ಮಾತ್ರ.

ಆದರೆ ಇದು ಮೊದಲ ವಾರದ ಚಿತ್ರ. ಎರಡನೆಯ ತಿಂಗಳಿಗೆ ಇದೇ ಖಳನಾಯಕ ಬೆಳಿಗ್ಗೆ ಲುಂಗಿ ಉಟ್ಟು, ಬಣ್ಣದ ಗೆರೆ ಕಿವಿಯ ಹಿಂದೆ ಅರ್ಧ ಉಳಿದಿರುವಂತೆಯೇ, ಕಿರಾಣಿ ಅಂಗಡಿಯ ಮುಂದೆ ನಿಂತಿರುತ್ತಾನೆ. ಪಾವು ಕಿಲೋ ಸಕ್ಕರೆ, ಒಂದು ಚಾಪುಡಿ ಪೊಟ್ಟಣ, ಬೀಡಿಯ ಕಟ್ಟು. 'ಬರಕೋರಿ ಸಾಹುಕಾರ್ರ.' ಉದ್ರಿ ಪುಸ್ತಕದಲ್ಲಿ ಹೆಸರು ಬಿದ್ದ ಗಳಿಗೆಗೆ ಪ್ರಸಿದ್ಧಿ ತೀರಿತು. ಇನ್ನು ಮುಂದೆ ಮುಖ ತಪ್ಪಿಸುವವನು ಅವನು, ಹುಡುಕಿಕೊಂಡು ಹೋಗುವವರು ಅಭಿಮಾನಿಗಳಲ್ಲ, ಲೇವಾದೇವಿಯವರು. ಸ್ವಭಾವವಾದಿ ಇದನ್ನು ನೋಡಿ 'ಕಲಾವಿದ ಬದಲಾದ' ಎನ್ನುತ್ತಾನೆ. ನಾವು ಹೇಳುವುದು ಬೇರೆ: ನಿಲುಗಡೆಗೆ ಮೇಲಿನ ಮಿತಿಯೊಂದಿದೆ, ಅದನ್ನು ದಾಟಿದವನು ಪ್ರಸಿದ್ಧನಾಗಿ ಉಳಿಯುವುದಿಲ್ಲ, ಊರಿನವನಾಗುತ್ತಾನೆ. ಊರಿನವರ ಸೌಜನ್ಯ ಈ ಶಾಸ್ತ್ರದ ವಿಷಯವೇ ಅಲ್ಲ. ಹೀಗೆ ಆಕ್ಷೇಪವು ಸಿದ್ಧಾಂತವನ್ನು ಕೆಡವುವ ಬದಲು ಅದಕ್ಕೊಂದು ಮಾಳಿಗೆ ಕಟ್ಟಿಕೊಟ್ಟಿತು.

ಎರಡನೆಯ ಪೂರ್ವಪಕ್ಷ ಚಿಂಚೋಳಿಯಿಂದ ಬರುತ್ತದೆ. ಚುನಾವಣೆಯ ಹೊತ್ತಿಗೆ ಬರುವ ನಾಯಕರು ದಿನಕ್ಕೆ ಇಪ್ಪತ್ತು ಹಳ್ಳಿ ಸುತ್ತುತ್ತಾರೆ. ಒಂದೊಂದು ಕಡೆ ಹತ್ತು ನಿಮಿಷ ನಿಂತರೆ ಹೆಚ್ಚು. ನಿಲುಗಡೆ ಇಷ್ಟು ಕಡಿಮೆ, ಸೌಜನ್ಯ ಅಷ್ಟು ಹೆಚ್ಚು. ಕೂಸು ಎತ್ತಿಕೊಳ್ಳುವುದೇನು, ಅಜ್ಜಿಯ ಕಾಲು ಮುಟ್ಟುವುದೇನು, ರೊಟ್ಟಿ ಬಡಿಯುವ ಒಲೆಯ ಮುಂದೆ ಕೂತು ಹೊಗೆಗೆ ಕಣ್ಣೊರೆಸಿಕೊಳ್ಳುವುದೇನು. 2019ರ ಮೇ ತಿಂಗಳಲ್ಲಿ ಚಿಂಚೋಳಿಗೆ ಕುಂದಗೋಳದ ಜೊತೆಗೆ ಉಪಚುನಾವಣೆ ಬಂದಾಗ ರಾಜ್ಯದ ದೊಡ್ಡ ನಾಯಕರೆಲ್ಲ ಮಟಮಟ ಬಿಸಿಲಿನಲ್ಲಿ ಇಲ್ಲಿ ಓಡಾಡಿದರು. ಇವರೆಲ್ಲ ಹುಟ್ಟಾ ಸ್ನೇಹಶೀಲರೇ? ಪೂರ್ವಪಕ್ಷಿ ಇಲ್ಲಿ ಗೆದ್ದೆನೆಂದು ಭಾವಿಸುತ್ತಾನೆ. ಅವನು ನಿಲುಗಡೆಯನ್ನು ಗಡಿಯಾರದಿಂದ ಅಳೆದ, ಅದೇ ದೋಷ. ಮತ ಎಣಿಕೆಯವರೆಗೆ ನಾಯಕನ ಪೂರ್ತಿ ಭವಿಷ್ಯ ಆ ಕ್ಷೇತ್ರದಲ್ಲಿ ನಿಂತಿರುತ್ತದೆ. ದೇಹ ಹಳ್ಳಿಯಿಂದ ಹಳ್ಳಿಗೆ ಓಡಿದರೂ ಜೀವ ಅಲ್ಲೇ ಸಿಕ್ಕಿಕೊಂಡಿರುತ್ತದೆ. ಇದನ್ನು ಸೂಕ್ಷ್ಮ ನಿಲುಗಡೆ ಎಂದು ಕರೆಯೋಣ. ಫಲಿತಾಂಶ ಬಂದ ಮಧ್ಯಾಹ್ನವೇ ಅದು ತೆರವಾಗುತ್ತದೆ. ಆಮೇಲೆ ಅದೇ ಮನುಷ್ಯ, ಅದೇ ರಸ್ತೆ, ಅದೇ ಗಾಡಿ. ಗಾಜು ಮಾತ್ರ ಇಳಿಯುವುದಿಲ್ಲ. ವಾಹನದ ಗಾಜಿಗೆ ಕರಿ ಫಿಲ್ಮ್ ಅಂಟಿಸಬಾರದೆಂದು ಸುಪ್ರೀಂ ಕೋರ್ಟ್ 2012ರಲ್ಲಿ ಹೇಳಿತು. ಒಳಗಿನವರು ಕಾಣಬೇಕೆಂದು ಕೋರ್ಟು ಹೇಳಬಹುದು, ಒಳಗಿನವರು ಹೊರಗೆ ನೋಡಬೇಕೆಂದು ಯಾವ ಕೋರ್ಟು ಹೇಳಲಾದೀತು?

ರಾಜಕಾರಣದಲ್ಲಿ ನಿಲುಗಡೆಯ ಅಭಾವ ಏನೆಲ್ಲ ಮಾಡಬಲ್ಲದು ಎಂಬುದಕ್ಕೆ ಚಿಂಚೋಳಿಯವರಿಗೆ ಬೇರೆ ನಿದರ್ಶನ ಬೇಕಿಲ್ಲ. ಅವರ ಊರಿನವರೇ ಆದ ವೀರೇಂದ್ರ ಪಾಟೀಲರು 1968ರಲ್ಲೊಮ್ಮೆ, 1989ರಲ್ಲೊಮ್ಮೆ ಮುಖ್ಯಮಂತ್ರಿಯಾದರು; ನಡುವೆ 1978ರಲ್ಲಿ ಚಿಕ್ಕಮಗಳೂರಿನಲ್ಲಿ ಇಂದಿರಾ ಗಾಂಧಿಯವರ ಎದುರು ನಿಂತು ಸೋತರು. 1990ರ ಅಕ್ಟೋಬರಿನಲ್ಲಿ, ಅನಾರೋಗ್ಯದಲ್ಲಿದ್ದ ಅವರನ್ನು ಬದಲಿಸುವ ಮಾತನ್ನು ರಾಜೀವ್ ಗಾಂಧಿಯವರು ಆಡಿದ್ದು ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ, ಹೊರಟು ನಿಂತ ಹೊತ್ತಿನಲ್ಲಿ. ಈ ಭಾಗದ ಹಿರಿಯರು ಇವತ್ತಿಗೂ ಅದನ್ನು ನೆನೆಯುವಾಗ ಬದಲಿಸಿದ್ದಕ್ಕಿಂತ ಬದಲಿಸಿದ ಜಾಗವನ್ನೇ ಎತ್ತಿ ಆಡುತ್ತಾರೆ. ವಿಮಾನ ನಿಲ್ದಾಣ ಎಂಬ ಹೆಸರಿನಲ್ಲಿ ನಿಲ್ದಾಣ ಇದ್ದರೂ ಅಲ್ಲಿ ಯಾರೂ ನಿಂತಿರುವುದಿಲ್ಲ. ಅದೇ ಮಾತನ್ನು ಚಿಂಚೋಳಿಯ ಒಂದು ಮನೆಯ ಪಡಸಾಲೆಯಲ್ಲಿ, ಛಾ ಬರುವವರೆಗೆ ಕಾದು ಹೇಳಿದ್ದರೆ ರಾಜ್ಯದ ಚರಿತ್ರೆ ಬದಲಾಗುತ್ತಿರಲಿಲ್ಲವೇನೋ, ಮಾತಿನ ದನಿಯಂತೂ ಬದಲಾಗುತ್ತಿತ್ತು.

ಮೂರನೆಯ ಪೂರ್ವಪಕ್ಷ ಎಲ್ಲಕ್ಕಿಂತ ಕಠಿಣ, ಅದರ ಹೆಸರು ರಾಜಕುಮಾರ್. ನಿಂತರೂ ಕೈ ಮುಗಿದರು, ನಡೆದರೂ ಕೈ ಮುಗಿದರು, ಜೀಪಿನ ಮೇಲಿನಿಂದಲೂ ಕೈ ಮುಗಿದರು. 1982ರ ಗೋಕಾಕ್ ಚಳವಳಿಯಲ್ಲಿ ಊರೂರು ಸುತ್ತಿದಾಗ ಯಾವ ಊರಲ್ಲಿ ಎಷ್ಟು ಹೊತ್ತು ನಿಂತರೆಂದು ಯಾರೂ ಲೆಕ್ಕ ಇಟ್ಟಿಲ್ಲ, ನಗಲಿಲ್ಲವೆಂದು ದೂರಿದವರೂ ಇಲ್ಲ. ಇದು ಸ್ವಭಾವವಲ್ಲದೆ ಮತ್ತೇನು? ಹಲವು ಶಾಸ್ತ್ರಗಳು ಇಂಥ ಜಾಗದಲ್ಲಿ 'ಅಪವಾದ' ಎಂದು ಹೇಳಿ ತಪ್ಪಿಸಿಕೊಳ್ಳುತ್ತವೆ. ನಾವು ಹಾಗೆ ಮಾಡುವುದಿಲ್ಲ. ಅವರು ಅಭಿಮಾನಿಗಳನ್ನು ದೇವರುಗಳೆಂದು ಕರೆದರು ಎಂಬುದನ್ನು ಎಲ್ಲರೂ ವಿನಯದ ಮಾತಾಗಿ ಕೇಳಿದರು. ಅದರಲ್ಲಿರುವ ನಿಲುಗಡೆಯನ್ನು ಯಾರೂ ಗಮನಿಸಲಿಲ್ಲ. ರಸ್ತೆ ಬದಿಯಲ್ಲಿ ಗುಡಿ ಬಂದರೆ ಲಾರಿಯವನು ಎಷ್ಟೇ ಅವಸರದಲ್ಲಿದ್ದರೂ ಬ್ರೇಕಿನ ಮೇಲೆ ಕಾಲಿಡುತ್ತಾನೆ, ಒಂದು ನಾಣ್ಯ ಎಸೆಯುತ್ತಾನೆ, ಕಣ್ಣಿಗೆ ಕೈ ಒತ್ತಿಕೊಳ್ಳುತ್ತಾನೆ. ಅಭಿಮಾನಿಯನ್ನು ಒಮ್ಮೆ ದೇವರ ಜಾಗದಲ್ಲಿ ಕೂರಿಸಿದ ಮೇಲೆ ಕಂಡಕಂಡಲ್ಲಿ ನಿಲ್ಲುವುದು ನಟನಿಗೆ ವ್ರತವಾಯಿತು. ನಿಲುಗಡೆಯನ್ನು ರೈಲ್ವೆಯಿಂದ ಪಡೆಯದೆ ಧರ್ಮದಿಂದ ಪಡೆದ ಏಕೈಕ ಪ್ರಸಿದ್ಧ ಎಂದು ಅವರನ್ನು ಶಾಸ್ತ್ರ ಗುರುತಿಸಬೇಕು. 2000ದಲ್ಲಿ ಅಪಹರಣಕ್ಕೊಳಗಾಗಿ ಕಾಡಿನಲ್ಲಿ ಕಳೆದ 108 ದಿನಗಳನ್ನು ನಿಲುಗಡೆಯ ಲೆಕ್ಕಕ್ಕೆ ಸೇರಿಸಬೇಕೆಂದು ಕೆಲವರು ವಾದಿಸಬಹುದು. ಬಲವಂತದ ಪ್ರಯೋಗಗಳ ಫಲಿತಾಂಶವನ್ನು ನಾವು ಒಪ್ಪುವುದಿಲ್ಲ.

ಇನ್ನು ಸೆಲ್ಫಿ. ಮೊಬೈಲು ಬಂದ ಮೇಲೆ ಸಿದ್ಧಾಂತಕ್ಕೆ ಬೀಜಗಣಿತದ ರೂಪ ಕೊಡುವುದು ಅನಿವಾರ್ಯವಾಗಿದೆ. ಸೌ ಎಂದರೆ ಸೌಜನ್ಯ, ನಿ ಎಂದರೆ ನಿಲುಗಡೆಯ ನಿಮಿಷ, ಮೊ ಎಂದರೆ ಸುತ್ತ ಎತ್ತಿ ಹಿಡಿದ ಮೊಬೈಲುಗಳ ಸಂಖ್ಯೆ ಎಂದಿಟ್ಟುಕೊಂಡರೆ, ಸೌ = ನಿ ÷ ಮೊ. ಚಿತ್ತಾಪುರದ ಕಾಲೇಜಿನ ಸಮಾರಂಭಕ್ಕೆ ಬಂದ ಧಾರಾವಾಹಿ ನಟಿ ಮೂವತ್ತು ನಿಮಿಷ ನಿಂತರೂ ಮುನ್ನೂರು ಮೊಬೈಲುಗಳ ನಡುವೆ ತಲೆಗೆ ಬರುವ ಸೌಜನ್ಯ ಆರು ಸೆಕೆಂಡು. ಆರು ಸೆಕೆಂಡಿನಲ್ಲಿ ನಗಬಹುದು, ನಗುವಿಗೆ ಕಾರಣ ಹುಡುಕಿಕೊಳ್ಳಲಾಗದು. ಆದ್ದರಿಂದ ಚಿತ್ರದಲ್ಲಿ ಹಲ್ಲು ಕಾಣುತ್ತದೆ, ಕಣ್ಣು ಮುಂದಿನ ಮೊಬೈಲನ್ನು ನೋಡುತ್ತಿರುತ್ತದೆ. ಈ ಸೂತ್ರ ಇನ್ನೊಂದು ಹಳೆಯ ಒಗಟನ್ನೂ ಬಿಡಿಸುತ್ತದೆ. ಮೊ ಸೊನ್ನೆಯಾದಾಗ ಸೌ ಅನಂತವಾಗುತ್ತದೆ. ಹಿಂದಿನ ಕಾಲದ ದೊಡ್ಡವರು ಎಷ್ಟು ಸರಳರಾಗಿದ್ದರು ಎಂದು ನಮ್ಮ ಹಿರಿಯರು ಹೇಳುತ್ತಲೇ ಇರುವುದಕ್ಕೆ ಗಣಿತದ ಆಧಾರ ಇದೇ.

ಸೆಲ್ಫಿಯ ಎದುರು ನಮ್ಮ ಸೀಮೆ ಕಂಡುಕೊಂಡ ಔಷಧ ಸನ್ಮಾನ. ಪ್ರಸಿದ್ಧನನ್ನು ನಿಲ್ಲಿಸಿಕೊಳ್ಳಲು ಇದಕ್ಕಿಂತ ಬಲವಾದ ಉಪಾಯ ಇನ್ನೊಂದು ದೇಶಕ್ಕೆ ಗೊತ್ತಿಲ್ಲ. ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ ನುಡಿ, ದೀಪ ಬೆಳಗಿಸುವುದು, ಗಾಳಿಗೆ ಆರಿದ ದೀಪವನ್ನು ಮತ್ತೆ ಬೆಳಗಿಸುವುದು. ಅತಿಥಿ ಕೈಗಡಿಯಾರ ನೋಡುವ ಹೊತ್ತಿಗೆ ಸರಿಯಾಗಿ ಹೆಗಲ ಮೇಲೆ ಶಾಲು, ತಲೆಗೆ ಪೇಟ, ಕೊರಳಿಗೆ ಹಾರ, ಕೈಗೆ ಹಣ್ಣಿನ ಬುಟ್ಟಿ, ಅದರ ಮೇಲೆ ಬಸವಣ್ಣನವರ ಫೋಟೋ. ಇಷ್ಟು ಹೊರೆ ಹೊತ್ತ ಮನುಷ್ಯ ಎದ್ದು ಓಡಲಾರ. ಸನ್ಮಾನ ಪತ್ರದ ವಾಚನ ಬೇರೆ ಬಾಕಿ. ವಂದನಾರ್ಪಣೆಯಲ್ಲಿ ಪೆಂಡಾಲಿನವನ ಹೆಸರು ಬರುವ ಹೊತ್ತಿಗೆ ಎಂಥ ಸಿಡುಕನೂ ಪಕ್ಕದವನ ಮಕ್ಕಳ ಓದಿನ ಬಗ್ಗೆ ವಿಚಾರಿಸತೊಡಗಿರುತ್ತಾನೆ. ಈಚೆಗೆ ಜೆಸಿಬಿಯ ಬಕೆಟ್ಟಿನಿಂದ ಹೂ ಸುರಿಸುವ, ಕ್ರೇನಿಗೆ ಸೇಬಿನ ಹಾರ ತೂಗುಹಾಕುವ ಪದ್ಧತಿ ಬಂದಿದೆ. ಕ್ರೇನಿನ ಕೆಳಗೆ ಯಾರೂ ಬಹಳ ಹೊತ್ತು ನೆಮ್ಮದಿಯಿಂದ ನಿಲ್ಲುವುದಿಲ್ಲವಾದ್ದರಿಂದ ಶಾಸ್ತ್ರದೃಷ್ಟಿಯಿಂದ ಇದು ಹಿನ್ನಡೆ.

ಸಿದ್ಧಾಂತ ಇಷ್ಟು ದೃಢವಾದ ಮೇಲೆ ಅದರ ಉಪಯೋಗವೇನೆಂದು ಕೇಳುವವರಿಗೆ ಆಡಳಿತದ ಕಡೆಗೆ ಬೆರಳು ತೋರಿಸಬೇಕಾಗುತ್ತದೆ. 2024ರ ಮಾರ್ಚಿನಲ್ಲಿ ಕಲಬುರಗಿ-ಬೆಂಗಳೂರು ವಂದೇ ಭಾರತ್ ಶುರುವಾದಾಗ ಅದಕ್ಕೆ ಶಹಾಬಾದಿನಲ್ಲಿ ನಿಲುಗಡೆ ಇರಲಿಲ್ಲ, ವಾಡಿಯಲ್ಲೂ ಇರಲಿಲ್ಲ. ನೂರೈವತ್ತು ವರ್ಷ ಎಲ್ಲರನ್ನೂ ನಿಲ್ಲಿಸಿಕೊಂಡ ಜಂಕ್ಷನ್ನನ್ನು ಬಿಳಿ ಗಾಡಿಯೊಂದು ಸಲಾಮು ಮಾಡದೆ ದಾಟಿತು. ಅದಕ್ಕೂ ಮೊದಲು, 2019ರ ನವೆಂಬರಿನಲ್ಲಿ, ಕಲಬುರಗಿಯ ವಿಮಾನ ನಿಲ್ದಾಣ ತೆರೆದಿತ್ತು. ಅದು ಇರುವುದು ಶ್ರೀನಿವಾಸ ಸರಡಗಿಯ ಹತ್ತಿರ, ಸೇಡಂ ರಸ್ತೆಯಲ್ಲಿ. ಪ್ರಸಿದ್ಧರು ಸೇಡಂ ರಸ್ತೆಯಲ್ಲೇ ಇಳಿಯುತ್ತಾರೆ, ಇಳಿದ ಕೂಡಲೇ ಸೇಡಂಗೆ ಬೆನ್ನು ಹಾಕಿ ಕಲಬುರಗಿಯ ಕಡೆಗೆ ತಿರುಗುತ್ತಾರೆ. ಹೀಗಿರುವಾಗ ಈ ಊರುಗಳ ಸಂಘಗಳು ಗಾಡಿ ನಿಲ್ಲಿಸಬೇಕೆಂದು ರೈಲ್ವೆಗೆ ಕೊಡುವ ಮನವಿ ಪತ್ರಗಳನ್ನು ಅಧಿಕಾರಿಗಳು ಟಿಕೆಟ್ ಮಾರಾಟದ ಲೆಕ್ಕ ನೋಡಿ ಬದಿಗಿಡುವುದು ಶುದ್ಧ ಅವಿವೇಕ. ಮನವಿಯಲ್ಲಿ ಕೇಳುತ್ತಿರುವುದು ಎರಡು ನಿಮಿಷದ ನಿಲುಗಡೆಯಾದರೂ ಮಂಜೂರಾಗಬೇಕಾದದ್ದು ಎರಡು ನಿಮಿಷದ ಸೌಜನ್ಯ. ಅದನ್ನು ಅಳೆಯುವ ಕೋಷ್ಟಕ ವಾಣಿಜ್ಯ ವಿಭಾಗದಲ್ಲಿಲ್ಲ.

ಚಿಂಚೋಳಿಯ ವಿಷಯದಲ್ಲಿ ಸಿದ್ಧಾಂತ ಇದಕ್ಕೂ ಮುಂದೆ ಹೋಗುತ್ತದೆ. ಅಲ್ಲಿಗೆ ರೈಲಿಲ್ಲದ್ದರಿಂದ ಆಕಸ್ಮಿಕವಾಗಿ ಹಾದುಹೋಗುವ ಪ್ರಸಿದ್ಧನೇ ಇಲ್ಲ. ಬಂದವನು ಬರಬೇಕೆಂದೇ ಬಂದಿರುತ್ತಾನೆ, ಬಂದ ಮೇಲೆ ಊಟ ಮಾಡದೆ ಹೋಗಲು ಆ ಊರು ಬಿಡುವುದಿಲ್ಲ. ಹೀಗಾಗಿ ನಿಲುಗಡೆಯ ಶುದ್ಧ ಮಾದರಿಯಾಗಿ ಚಿಂಚೋಳಿಯನ್ನು ಕಾಪಾಡಿಕೊಳ್ಳಬೇಕು, ಅಲ್ಲಿಗೆ ಎಂದೆಂದಿಗೂ ರೈಲು ಬಾರದಂತೆ ನೋಡಿಕೊಳ್ಳಬೇಕು ಎಂಬುದು ಈ ಪ್ರಬಂಧದ ಶಿಫಾರಸು. ಚಿಂಚೋಳಿಯವರು ಇದನ್ನು ಒಪ್ಪುವ ಲಕ್ಷಣ ಕಾಣುವುದಿಲ್ಲ. ತಮಗೆ ನಟರ ನಗುವಿಗಿಂತ ಮೊದಲು ದವಾಖಾನೆ, ಕಾಲೇಜು, ಹೈದರಾಬಾದಿನ ಕೂಲಿ ಕೆಲಸ ಮುಟ್ಟುವ ಗಾಡಿ ಬೇಕಾಗಿದೆ ಎಂದು ಅವರು ಹೇಳುತ್ತಾರಂತೆ. ಶಾಸ್ತ್ರಕ್ಕೆ ಇದರಿಂದ ಬಾಧಕವಿಲ್ಲ. ಪ್ರಯೋಗಶಾಲೆಯ ಅಭಿಪ್ರಾಯವನ್ನು ಯಾವ ಶಾಸ್ತ್ರವೂ ಕೇಳಿದ್ದಿಲ್ಲ.